ಪ್ಯಾಟ್ರೊಕ್ಲಸನ ಹಲವು ಮುಖಗಳು

ಕ್ಯಾಮೆರಾದ ಮೊದಲ ಗೆಳೆಯರು ವಿಗ್ರಹಗಳು. ಅಲುಗಾಡದೆ ಕೂರುವುದು ಮನುಷ್ಯನಿಗೆ ಬಲು ಕಷ್ಟ. ರೆಪ್ಪೆ ಬಡಿಯುತ್ತದೆ, ಉಸಿರಾಟಕ್ಕೆ ಭುಜ ಏರಿಳಿಯುತ್ತದೆ, ಮೂಗಿನ ಮೇಲೆ ನೊಣ ಕೂತರೆ ಕೈ ತಾನಾಗಿಯೇ ಮೇಲೇಳುತ್ತದೆ. ಮರಕ್ಕೆ ಗಾಳಿಯ ಕಾಟ, ನೀರಿಗೆ ಅಲೆಯ ಕಾಟ. 1839ರಲ್ಲಿ ಪ್ಯಾರಿಸ್ಸಿನ ಲೂಯಿ ಡಾಗೇರನ ವಿಧಾನ ಲೋಕಕ್ಕೆ ಬಹಿರಂಗವಾದಾಗ, ಒಂದು ಚಿತ್ರ ಮೂಡಬೇಕಾದರೆ ಒಳ್ಳೆಯ ಬಿಸಿಲಿದ್ದೂ ಹಲವು ನಿಮಿಷ ಹಿಡಿಯುತ್ತಿತ್ತು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿಗೆ ಅಯೋಡಿನ್ ಹೊಗೆ ಹಿಡಿಸಿ, ಕ್ಯಾಮೆರಾದೊಳಗಿಟ್ಟು ಬೆಳಕು ಉಣಿಸಿ, ಆಮೇಲೆ ಪಾದರಸದ ಆವಿಯಲ್ಲಿ ಅದನ್ನು ಕಣ್ಣಿಗೆ ಕಾಣಿಸುವ ಆ ಕೆಲಸಕ್ಕೆ, ಎದುರಿಗೆ ಕೂತವರು ಅಷ್ಟು ಹೊತ್ತೂ ಕಲ್ಲಾಗಿರಬೇಕು. ಕಲ್ಲಾಗಿಯೇ ಇದ್ದವರನ್ನು ಕೂರಿಸಿದರೆ ಸುಲಭವಲ್ಲವೇ?

ಹಾಗಾಗಿ ಡಾಗೇರ್ 1837ರಷ್ಟು ಹಿಂದೆಯೇ ತನ್ನ ಕೋಣೆಯ ಕಿಟಕಿಯ ಬಳಿ ಪ್ಲಾಸ್ಟರ್ ಅಚ್ಚುಗಳನ್ನು ಜೋಡಿಸಿ, ಪಕ್ಕದಲ್ಲಿ ಬೆತ್ತದ ಹೆಣಿಗೆಯ ಬಾಟಲಿಯೊಂದನ್ನು ತೂಗುಹಾಕಿ, ಆ ಗುಂಪನ್ನು ತಗಡಿನ ಮೇಲೆ ಇಳಿಸಿದ. ಅದೇ ಊರಿನಲ್ಲಿ ಹಣಕಾಸು ಇಲಾಖೆಯ ಗುಮಾಸ್ತನಾಗಿದ್ದ ಇಪ್ಪೊಲಿತ್ ಬಯಾರ್ ಕಾಗದದ ಮೇಲೆ ಚಿತ್ರ ಮೂಡಿಸುವ ತನ್ನದೇ ದಾರಿ ಹುಡುಕುತ್ತಿದ್ದ. ಅವನೂ ಪುಟ್ಟ ಪುಟ್ಟ ಪ್ಲಾಸ್ಟರ್ ದೇವತೆಗಳನ್ನು ಸಾಲಾಗಿ ನಿಲ್ಲಿಸಿಕೊಂಡ. ಆ ಕಾಲದ ಯುರೋಪಿನಲ್ಲಿ ಚಿತ್ರ ಕಲಿಯುವ ಹುಡುಗರ ಮುಂದೆಲ್ಲ ಇಂಥ ಅಚ್ಚುಗಳು ಇರುತ್ತಿದ್ದವು. ಗ್ರೀಸಿನ, ರೋಮಿನ ಹಳೆಯ ಶಿಲ್ಪಗಳಿಂದ ಪಡಿಯಚ್ಚು ತೆಗೆದು ಬಿಳಿ ಪ್ಲಾಸ್ಟರಿನಲ್ಲಿ ಹೊಯ್ದ ಆ ಮೂರ್ತಿಗಳು ಅಗ್ಗವಾಗಿ ಸಿಗುತ್ತಿದ್ದವು. ಬೆಳ್ಳಗಿದ್ದುದರಿಂದ ಬಿದ್ದ ಬೆಳಕನ್ನೆಲ್ಲ ಕ್ಯಾಮೆರಾಕ್ಕೆ ಹಿಂದಿರುಗಿಸುತ್ತಿದ್ದವು. ಎಷ್ಟು ಹೊತ್ತು ನಿಲ್ಲಿಸಿದರೂ ಬೇಸರಪಡುತ್ತಿರಲಿಲ್ಲ.

ಆ ಕಾಲದ ಚಿತ್ರಗಳನ್ನು ನೋಡುತ್ತ ಕೂರುವುದು ನನಗೆ ಬಹು ದೊಡ್ಡ ಸುಖ. ಕಂದು ತಿರುಗಿದ ಕಾಗದ, ಅಂಚಿನಲ್ಲಿ ಕರಗಿದ ನೆರಳು, ನಡುವೆ ಒಂದು ಮುಖ. ನೋಡುತ್ತ ಹೋದಂತೆ ಒಂದು ಮಾತು ನನ್ನ ಮನಸ್ಸಿನಲ್ಲಿ ಬಲವಾಗಿ ನಿಂತಿದೆ. ಅಲುಗದ ವಸ್ತು ಬೇಕೆಂದು ಆ ಜನ ವಿಗ್ರಹದ ಹತ್ತಿರ ಹೋದರು. ಹೋದ ಮೇಲೆ ಆ ಕಲ್ಲು ಗಳಿಗೆಗೊಂದು ಮುಖ ತೋರುವುದನ್ನು ಕಂಡರು. ಸುಲಭವೆಂದು ಹಿಡಿದ ಕೆಲಸ ಅವರಿಗೆ ನೋಡುವುದನ್ನೇ ಕಲಿಸಿತು. ಅವರ ಮೂಲಕ ನಮಗೂ.

ಇದನ್ನು ಬಾಯಿಬಿಟ್ಟು ಹೇಳಿದವನು ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್. ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ, ಹಿಂದೊಮ್ಮೆ ಕ್ರೈಸ್ತ ಸಂನ್ಯಾಸಿನಿಯರ ಮಠವಾಗಿದ್ದ ಲೇಕಾಕ್ ಅಬೆ ಎಂಬ ಮನೆ ಅವನದು. ಗಣಿತ ಬಲ್ಲವನು, ಸಸ್ಯಶಾಸ್ತ್ರ ಬಲ್ಲವನು, ಮುಂದೆ ಅಸ್ಸೀರಿಯಾದ ಶಾಸನಗಳನ್ನು ಓದಲು ಹೊರಟವನು. 1841ರಲ್ಲಿ ಅವನು ಹಕ್ಕುಪತ್ರ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ ಕಾಗದದ ಮೇಲೆ ಮೊದಲು ನೆಗೆಟಿವ್ ಮೂಡುತ್ತಿತ್ತು. ಅದರಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಿತ್ತು. ಡಾಗೇರನ ತಗಡಿಗೆ ಈ ಸಂತಾನಭಾಗ್ಯ ಇರಲಿಲ್ಲ. 1844ರಿಂದ 1846ರವರೆಗೆ ಟಾಲ್ಬಟ್ ಕಂತುಗಳಲ್ಲಿ ಹೊರತಂದ ‘ದಿ ಪೆನ್ಸಿಲ್ ಆಫ್ ನೇಚರ್’ ಪುಸ್ತಕದಲ್ಲಿ 24 ಚಿತ್ರಗಳಿವೆ. ಅವುಗಳಲ್ಲಿ ಐದನೆಯದೂ ಹದಿನೇಳನೆಯದೂ ಒಂದೇ ತಲೆಯ ಚಿತ್ರಗಳು. ಗಡ್ಡವಿರುವ ಯೋಧನೊಬ್ಬನ ಎದೆಮಟ್ಟದ ಪ್ಲಾಸ್ಟರ್ ಪ್ರತಿಮೆ, ಹೆಸರು ಪ್ಯಾಟ್ರೊಕ್ಲಸ್. ಹೋಮರನ ಕಾವ್ಯದಲ್ಲಿ ಅಕಿಲೀಸನ ಜೀವದ ಗೆಳೆಯನಾಗಿ, ಅವನ ಕವಚ ತೊಟ್ಟು ಹೋರಾಡಿ ಮಡಿದವನು.

ಈ ತಲೆಯನ್ನು ಟಾಲ್ಬಟ್ ವರ್ಷಗಳ ಕಾಲ, ಮತ್ತೆ ಮತ್ತೆ ತೆಗೆದ. ಎದುರಿನಿಂದ, ಪಕ್ಕದಿಂದ, ಮುಕ್ಕಾಲು ತಿರುಗಿಸಿ, ಬಿಸಿಲಿನಲ್ಲಿ, ಮಬ್ಬಿನಲ್ಲಿ. ಸಂಗೀತಗಾರನೊಬ್ಬ ಸಂಜೆಯಿಡೀ ಒಂದೇ ರಾಗವನ್ನು ಹಿಡಿದು ಕೂತಂತೆ ಅವನು ಆ ಮುಖವನ್ನು ಹಿಡಿದು ಕೂತ. ಪುಸ್ತಕದಲ್ಲಿ ಐದನೆಯ ಚಿತ್ರದ ಜೊತೆಗಿರುವ ಬರಹವನ್ನು ಓದಿದರೆ ಅವನ ಸಂಭ್ರಮ ಇಂದಿಗೂ ತಟ್ಟುತ್ತದೆ. ಅವನು ಹೇಳುವುದು ಇಷ್ಟು. ವಿಗ್ರಹಗಳು ಬೆಳ್ಳಗಿರುವುದರಿಂದ ಬೇಗ ಮೂಡುತ್ತವೆ. ಆದರೆ ಒಂದೇ ವಿಗ್ರಹದಿಂದ ತೆಗೆಯಬಹುದಾದ ಚಿತ್ರಗಳಿಗೆ ಕೊನೆಯೇ ಇಲ್ಲ. ಸೂರ್ಯನಿಗೆ ನೇರ ಮುಖ ಮಾಡಿ ನಿಲ್ಲಿಸಿದರೆ ಒಂದು ರೂಪ, ಓರೆಯಾಗಿ ನಿಲ್ಲಿಸಿದರೆ ಇನ್ನೊಂದು. ಪೀಠದ ಮೇಲೆಯೇ ಅದನ್ನು ಚೂರು ತಿರುಗಿಸಿದರೆ ಮತ್ತೊಂದು ಸಾಲು ಚಿತ್ರಗಳು. ಕ್ಯಾಮೆರಾವನ್ನು ಹತ್ತಿರ ತಂದರೆ, ದೂರ ಒಯ್ದರೆ, ಮತ್ತೂ ಬೇರೆ. ಬಿಸಿಲು ಕಡುವಾದರೆ ನೆರಳು ಗಾಢವಾಗಿ ಮುಖವೇ ಕಲಸಿಹೋಗುತ್ತದೆ. ಆದ್ದರಿಂದ ಮೋಡ ಕವಿದ ದಿನವೇ ಲೇಸು. ಬಿಸಿಲಲ್ಲೇ ತೆಗೆಯಬೇಕಾದರೆ ಒಂದು ಉಪಾಯವಿದೆ: ನೆರಳಿನ ಕಡೆಗೆ, ಸ್ವಲ್ಪ ದೂರದಲ್ಲಿ, ಬಿಳಿ ಬಟ್ಟೆಯೊಂದನ್ನು ಹಿಡಿದರೆ ಅದರಿಂದ ಮರಳಿದ ಬೆಳಕು ಕತ್ತಲಲ್ಲಿ ಕಳೆದ ಕೆನ್ನೆಯನ್ನು ಮೆಲ್ಲಗೆ ಎತ್ತಿಕೊಡುತ್ತದೆ.

ಆ ಬಿಳಿ ಬಟ್ಟೆಯ ಹತ್ತಿರ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಲೇಕಾಕಿನ ಅಂಗಳದಲ್ಲಿ ಯಾರೋ ಒಬ್ಬರು ಬಟ್ಟೆಯ ಎರಡು ತುದಿ ಹಿಡಿದು, ಕೈ ನೋಯುತ್ತಿದ್ದರೂ ಇಳಿಸದೆ ನಿಂತಿರುವಂತೆ ಕಲ್ಪಿಸಿಕೊಳ್ಳುತ್ತೇನೆ. ಇಂದಿಗೂ ನಮ್ಮ ಸಿನಿಮಾ ಶೂಟಿಂಗ್ ನಡೆಯುವ ಕಡೆ ನಾಯಕಿಯ ಮುಖದ ಪಕ್ಕ ಥರ್ಮೋಕೋಲ್ ಹಾಳೆ ಹಿಡಿದು ನಿಲ್ಲುವವರು ಮಾಡುವುದು ಅದೇ ಕೆಲಸವನ್ನು. ಇಷ್ಟೆಲ್ಲ ಯಂತ್ರಗಳು ಬಂದ ಮೇಲೂ ಮುಖವೊಂದರ ನೆರಳಿಗೆ ಬೆಳಕು ಕೊಡುವ ದಾರಿ ಬದಲಾಗಿಲ್ಲವೆಂಬುದು ನನಗೆ ಸಂತೋಷದ ಸಂಗತಿ.

ಪ್ಯಾಟ್ರೊಕ್ಲಸನ ವಂಶಾವಳಿ ಕೂಡ ಸ್ವಾರಸ್ಯದ್ದೇ. ಟಾಲ್ಬಟ್ ಬಳಸಿದ್ದು ಅಚ್ಚಿನ ಪ್ರತಿ. ಅದರ ಮೂಲವಾದ ಅಮೃತಶಿಲೆಯ ತಲೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ರೋಮಿನ ಹತ್ತಿರದ ಟಿವೊಲಿಯಲ್ಲಿ, ಹೇಡ್ರಿಯನ್ ಚಕ್ರವರ್ತಿಯ ವಿಶಾಲವಾದ ಅರಮನೆಯ ಅವಶೇಷಗಳ ನಡುವೆ, 18ನೇ ಶತಮಾನದಲ್ಲಿ ಗ್ಯಾವಿನ್ ಹ್ಯಾಮಿಲ್ಟನ್ ಎಂಬ ಸ್ಕಾಟಿಷ್ ಚಿತ್ರಕಾರ ಅಗೆಸಿ ತೆಗೆದದ್ದು. ಚಾರ್ಲ್ಸ್ ಟೌನ್ಲಿ ಎಂಬ ಸಂಗ್ರಾಹಕನ ಕೈಗೆ ಬಂದು, ಅವನ ಸಂಗ್ರಹದೊಡನೆ ಮ್ಯೂಸಿಯಂ ಸೇರಿತು. ಇಂದಿನ ವಿದ್ವಾಂಸರು ಆ ತಲೆ ಪ್ಯಾಟ್ರೊಕ್ಲಸನದಲ್ಲ, ಒಕ್ಕಣ್ಣ ರಾಕ್ಷಸನ ಗುಹೆಯಲ್ಲಿ ಸಿಕ್ಕಿಬಿದ್ದ ಒಡಿಸ್ಸಿಯಸನ ಸಂಗಡಿಗನೊಬ್ಬನದು ಎನ್ನುತ್ತಾರೆ. ಗ್ರೀಕ್ ಕಥೆ, ರೋಮನ್ ಕಲ್ಲು, ಇಂಗ್ಲಿಷ್ ಪ್ಲಾಸ್ಟರ್, ಕಾಗದದ ನೆಗೆಟಿವ್, ಕೊನೆಗೆ ಉಪ್ಪುನೀರಿನಲ್ಲಿ ಅದ್ದಿ ಹದ ಮಾಡಿದ ಕಾಗದದ ಮೇಲೆ ಒಂದು ಮುಖ. ಇಷ್ಟು ಕೈ ದಾಟಿ, ಹೆಸರನ್ನೂ ಬದಲಿಸಿಕೊಂಡು ಬಂದಮೇಲೂ ಆ ಮುಖದ ಕಳವಳ ಮಾತ್ರ ಮಾಸಿಲ್ಲ. ತೆರೆದ ಬಾಯಿ, ಮೇಲೆತ್ತಿದ ಹುಬ್ಬು, ಕಾಗದದ ನಾರಿನೊಳಗೆ ಅರ್ಧ ಇಂಗಿದ ಕೂದಲ ಸುರುಳಿಗಳು ಹಾಗೆಯೇ ಇವೆ. ಕ್ಯಾಲೊಟೈಪಿನ ಕಾಗದಕ್ಕೆ ಸೂಕ್ಷ್ಮ ಗೆರೆಗಳನ್ನು ನುಂಗಿಬಿಡುವ ಗುಣವಿತ್ತು; ಉಳಿಯುವುದು ದೊಡ್ಡ ದೊಡ್ಡ ಬೆಳಕು, ದೊಡ್ಡ ದೊಡ್ಡ ನೆರಳು. ಶಿಲ್ಪಿ ಕಲ್ಲಿನ ಮೇಲೆ ಮೊದಲು ಹುಡುಕುವುದೂ ಅದನ್ನೇ.

1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದ ಮೇಲೆ ಕಾಗದದ ಜಾಗಕ್ಕೆ ಗಾಜು ಬಂತು. ಗಾಜಿನ ಫಲಕಕ್ಕೆ ಅಂಟುದ್ರವ ಹಚ್ಚಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಒದ್ದೆಯಿರುವಾಗಲೇ ಚಿತ್ರ ತೆಗೆದು, ಒದ್ದೆಯಿರುವಾಗಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕು. ಚಿತ್ರಗಳು ಕನ್ನಡಿಯಷ್ಟು ಚೊಕ್ಕವಾದವು. ಉಳಿಯ ಗುರುತು, ಕಲ್ಲಿನ ಬಿರುಕು, ಮುರಿದ ಬೆರಳಿನ ಒರಟು ಎಲ್ಲವೂ ಕಾಣತೊಡಗಿದವು. ಆದರೆ ಆ ರಾಸಾಯನಿಕಕ್ಕೆ ಒಂದು ವಿಚಿತ್ರ ಗುಣವಿತ್ತು. ನೀಲಿ ಬೆಳಕನ್ನು ಅದು ಬೇಗ ಹೀರುತ್ತಿತ್ತು. ಹಳದಿ, ಕೆಂಪು ಅದಕ್ಕೆ ಕತ್ತಲೆಗೆ ಸಮ. ಅಥೆನ್ಸಿನ ಪೆಂಟೆಲಿ ಬೆಟ್ಟದ ಅಮೃತಶಿಲೆಯಲ್ಲಿ ಕಬ್ಬಿಣದ ಅಂಶವಿದ್ದು, ಶತಮಾನಗಳ ಗಾಳಿಮಳೆಗೆ ಅದು ಜೇನುಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಬಂಗಾರದಂತೆ ಬೆಚ್ಚಗೆ ಕಾಣುವ ಆ ಕಲೆಗಳು ಗಾಜಿನ ಮೇಲೆ ಕಪ್ಪಾಗಿ ಬಂದವು. ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಎಷ್ಟೋ ದೇವತೆಗಳು ನಿಜಕ್ಕಿಂತ ಹೆಚ್ಚು ಮುದಿಯಾಗಿ, ಹೆಚ್ಚು ಬಳಲಿದಂತೆ ಕಾಣುತ್ತಾರೆ.

ಬಣ್ಣದ ಈ ನಷ್ಟಕ್ಕೆ ಇನ್ನೊಂದು ಮುಖವಿದೆ. ಗ್ರೀಕರ ವಿಗ್ರಹಗಳು ಮೂಲದಲ್ಲಿ ಬಣ್ಣ ಬಳಿದವು. 1886ರಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮಣ್ಣಿನಡಿ ಸಿಕ್ಕ ಕನ್ಯೆಯರ ಪ್ರತಿಮೆಗಳ ತುಟಿ, ಕೂದಲು, ಸೆರಗಿನ ಅಂಚುಗಳಲ್ಲಿ ಕೆಂಪು ನೀಲಿಗಳು ಇನ್ನೂ ಉಳಿದಿದ್ದವು. ಆದರೆ ಅಷ್ಟು ಹೊತ್ತಿಗೆ ಅರ್ಧ ಶತಮಾನದ ಕಂದು-ಬಿಳುಪಿನ ಚಿತ್ರಗಳು ಮನೆಮನೆಗೆ ಹಂಚಿಹೋಗಿದ್ದವು. ಗ್ರೀಕ್ ಶಿಲ್ಪವೆಂದರೆ ಶುದ್ಧ ಬಿಳುಪು ಎಂದು ಆಗಲೇ ಬೇರೂರಿದ್ದ ನಂಬಿಕೆಗೆ ಕ್ಯಾಮೆರಾ ನೀರೆರೆಯಿತು. ಕ್ಯಾಮೆರಾ ಕಲಿಸಿದ್ದನ್ನು ಹೊಗಳುವಾಗ, ಅದು ಕಾಣದೆ ಹೋದದ್ದನ್ನೂ ನೆನೆಯಬೇಕು.

ಗಾಜಿನ ಕಾಲದ ಛಾಯಾಗ್ರಾಹಕರಲ್ಲಿ ನನ್ನ ಮನಸ್ಸು ಹೆಚ್ಚು ತಂಗುವುದು ರಾಬರ್ಟ್ ಮ್ಯಾಕ್‌ಫರ್ಸನ್ ಬಳಿ. ಸ್ಕಾಟ್ಲೆಂಡಿನ ಈತ ವೈದ್ಯಕೀಯ ಓದಿ, 1840ರ ಸುಮಾರಿಗೆ ರೋಮಿಗೆ ಬಂದು, ಚಿತ್ರ ಬರೆಯುತ್ತ ಇದ್ದವನು, 1851ರಿಂದ ಕ್ಯಾಮೆರಾ ಹಿಡಿದ. ಬಯಲಿನ ಅವಶೇಷಗಳನ್ನು ತೆಗೆಯಲು ಅವನಿಗೆ ಕೆಲವು ನಿಮಿಷ ಸಾಕಾಗುತ್ತಿತ್ತು. ವ್ಯಾಟಿಕನ್ ಅರಮನೆಯ ಶಿಲ್ಪಶಾಲೆಗಳ ಕಥೆ ಬೇರೆ. ಎತ್ತರದ ಕಿಟಕಿಗಳು, ಉದ್ದನೆಯ ಹಜಾರಗಳು, ಗೂಡುಗಳಲ್ಲಿ ನಿಂತ ದೇವತೆಗಳು. ಬೆಳಕು ಒಳಗೆ ಬರುವಷ್ಟರಲ್ಲಿ ತೆಳುವಾಗಿರುತ್ತಿತ್ತು. ವಿದ್ಯುತ್ ದೀಪವಿಲ್ಲದ ಕಾಲ. ಅಲ್ಲಿ ಒಂದು ಚಿತ್ರಕ್ಕೆ ಅವನಿಗೆ ಎರಡು ಗಂಟೆ ಹಿಡಿಯುತ್ತಿತ್ತು; ಕೆಲವು ವಿಗ್ರಹಗಳಿಗೆ ಒಂದು ದಿನಕ್ಕೂ ಮಿಕ್ಕಿ. ಅಷ್ಟು ಹೊತ್ತಿಗೆ ಒದ್ದೆ ಗಾಜು ಒಣಗಿ ಹಾಳಾಗುವುದರಿಂದ ಅವನು ಕೊಲೋಡಿಯನ್ ಜೊತೆ ಮೊಟ್ಟೆಯ ಬಿಳಿ ಲೋಳೆಯನ್ನು ಸೇರಿಸಿದ ಒಣ ಫಲಕಗಳನ್ನು ಬಳಸಿದ. ಅವು ನಿಧಾನ, ಆದರೆ ಕಾಯಬಲ್ಲವು.

ಒಂದು ದಿನಕ್ಕೂ ಮಿಕ್ಕಿ ತೆರೆದ ಕಣ್ಣು! ಇದನ್ನು ನೆನೆದಾಗಲೆಲ್ಲ ನನಗೆ ಮೈನವಿರೇಳುತ್ತದೆ. ಇಂದು ನಾವು ಫೋಟೋ ಎಂದರೆ ಒಂದು ಕ್ಷಣ ಎಂದುಕೊಂಡಿದ್ದೇವೆ. ಮ್ಯಾಕ್‌ಫರ್ಸನ್ನನ ಆ ಫಲಕದಲ್ಲಿ ಕ್ಷಣವೆಂಬುದೇ ಇಲ್ಲ. ಮುಂಜಾನೆ ಎಡಗೆನ್ನೆಗೆ ತಾಗಿದ ಬೆಳಕು, ನಡುಹಗಲು ಹಣೆಯ ಮೇಲಿಂದ ಇಳಿದದ್ದು, ಇಳಿಹೊತ್ತಿನಲ್ಲಿ ಕತ್ತಿನ ಹಿಂದೆ ಸರಿದದ್ದು, ಎಲ್ಲವೂ ಒಂದರ ಮೇಲೊಂದು ಕೂತು ಒಂದೇ ಮುಖವಾಗಿವೆ. ನೆರಳುಗಳು ತಮ್ಮ ತಮ್ಮ ಜಾಗ ಬಿಟ್ಟು ಅಲೆದಾಡಿದ್ದರಿಂದ ಯಾವ ನೆರಳೂ ಕಡುವಾಗಿಲ್ಲ. ಆ ಹೊತ್ತಿನಲ್ಲಿ ಕ್ಯಾಮೆರಾದ ಮುಂದೆ ಹಾದುಹೋದ ಪ್ರವಾಸಿಗರು, ಪಾದ್ರಿಗಳು, ಕಾವಲುಗಾರರು ಯಾರೂ ಗಾಜಿನ ಮೇಲೆ ನಿಲ್ಲಲಾರರು. ನಿಲ್ಲುವುದು ನಿಂತದ್ದು ಮಾತ್ರ. ಟಾಲ್ಬಟ್ ಒಂದು ತಲೆಯಿಂದ ನೂರು ಮುಖ ಬಿಡಿಸಿದರೆ, ಮ್ಯಾಕ್‌ಫರ್ಸನ್ ಒಂದು ಹಗಲಿನ ಎಲ್ಲ ಮುಖಗಳನ್ನು ಕೂಡಿಸಿ ಒಂದು ಮಾಡಿದ. ಎರಡೂ ಆ ಕಲ್ಲಿನೊಡನೆ ಕಾಲ ಕಳೆದವರಿಗೆ ದಕ್ಕುವ ಚಿತ್ರಗಳು.

1863ರಲ್ಲಿ ಮ್ಯಾಕ್‌ಫರ್ಸನ್ ವ್ಯಾಟಿಕನ್ನಿನ ಶಿಲ್ಪಗಳಿಗೆ ಒಂದು ಕೈಪಿಡಿ ಹೊರತಂದ. ಅಲ್ಲಿ ವಿಗ್ರಹಗಳು ಶಾಲೆಗಳಲ್ಲಿ ನಿಂತಿರುವ ಸಾಲಿನಲ್ಲೇ ಬರುತ್ತವೆ. ಪುಸ್ತಕದಲ್ಲಿ ಫೋಟೋ ಅಚ್ಚುಮಾಡುವುದು ಆಗ ದುಬಾರಿಯಾದ್ದರಿಂದ ಅವನ ಹೆಂಡತಿ ಜೆರಾಲ್ಡೀನ್ ಪ್ರತಿ ವಿಗ್ರಹಕ್ಕೂ ಗೆರೆಚಿತ್ರ ಬರೆದುಕೊಟ್ಟಳು. ಗಂಡನ ಕ್ಯಾಮೆರಾ ಗಂಟೆಗಟ್ಟಲೆ ನೋಡಿದ್ದನ್ನು ಹೆಂಡತಿಯ ಕೈ ನಾಲ್ಕಾರು ಗೆರೆಗಳಲ್ಲಿ ಹಿಡಿಯುವ ಆ ಜೊತೆಗೆಲಸ ನನಗೆ ಬಹಳ ಪ್ರಿಯವಾದದ್ದು.

ಆ ಶಾಲೆಗಳ ಹಳೆಯ ಫೋಟೋಗಳು ಇನ್ನೊಂದು ಉಪಕಾರ ಮಾಡಿವೆ. ಲಾವೊಕೊವನ್ ಗುಂಪನ್ನು ತೆಗೆದುಕೊಳ್ಳಿ. ಮರದ ಕುದುರೆಯನ್ನು ನಂಬಬೇಡಿರೆಂದು ಟ್ರಾಯ್ ನಗರದವರನ್ನು ಎಚ್ಚರಿಸಿದ ಪುರೋಹಿತ, ತನ್ನ ಇಬ್ಬರು ಮಕ್ಕಳೊಡನೆ ಹಾವುಗಳ ಹಿಡಿತದಲ್ಲಿ ನರಳುವ ಶಿಲ್ಪವದು. 1506ರಲ್ಲಿ ರೋಮಿನ ದ್ರಾಕ್ಷಿ ತೋಟವೊಂದರಲ್ಲಿ ಸಿಕ್ಕಾಗ ತಂದೆಯ ಬಲತೋಳು ಇರಲಿಲ್ಲ. ಮುಂದಿನವರು ಮೇಲಕ್ಕೆ ಚಾಚಿದ ತೋಳೊಂದನ್ನು ಮಾಡಿ ಕೂಡಿಸಿದರು. 19ನೇ ಶತಮಾನದ ಎಲ್ಲ ಫೋಟೋಗಳಲ್ಲೂ ಆ ತೋಳು ಆಕಾಶಕ್ಕೆ ಏರಿದೆ. 1906ರಲ್ಲಿ ಲುಡ್ವಿಗ್ ಪೊಲಾಕ್ ಎಂಬ ವಿದ್ವಾಂಸ ರೋಮಿನಲ್ಲೇ ಹಳೆಯ ತೋಳಿನ ತುಂಡೊಂದನ್ನು ಕಂಡುಹಿಡಿದ. ಅದು ಮೊಣಕೈಯಲ್ಲಿ ಮಡಿಸಿ, ತಲೆಯ ಹಿಂದಕ್ಕೆ ಬಾಗಿದ ತೋಳು. ದಶಕಗಳ ನಂತರ ಅದನ್ನು ಮೂರ್ತಿಗೆ ಕೂಡಿಸಿದರು. ಇಂದಿನ ಲಾವೊಕೊವನ್ ನೋವಿನಲ್ಲಿ ಒಳಕ್ಕೆ ಮುದುಡುತ್ತಾನೆ. ಹಳೆಯ ಫೋಟೋಗಳ ಲಾವೊಕೊವನ್ ಎದ್ದು ಸೆಣಸುತ್ತಾನೆ. ಮೂರು ಶತಮಾನಕ್ಕೂ ಹೆಚ್ಚು ಕಾಲ ಕವಿಗಳೂ ಚಿತ್ರಕಾರರೂ ಕಂಡು ಬೆರಗಾದದ್ದು ಆ ಸೆಣಸುವವನನ್ನು. ಅವನು ಈಗ ಉಳಿದಿರುವುದು ಅಂಥ ಹಳೆಯ ಪ್ರತಿಗಳಲ್ಲಿ, ಚಿತ್ರಗಳಲ್ಲಿ.

ರೋಮ್ ಬಿಟ್ಟು ಅಥೆನ್ಸಿಗೆ ಬಂದರೆ ಬೆಳಕಿಗೇನೂ ಬರವಿಲ್ಲ. 1839ರ ಅಕ್ಟೋಬರಿನಲ್ಲೇ, ಡಾಗೇರನ ವಿಧಾನ ಬಹಿರಂಗವಾದ ಎರಡು ತಿಂಗಳೊಳಗೆ, ಪಿಯೇರ್ ಗುಸ್ತಾವ್ ಜೋಲಿ ಡಿ ಲೊಟ್ಬಿನಿಯೇರ್ ಎಂಬಾತ ಪೆಟ್ಟಿಗೆ ಹೊತ್ತು ಅಕ್ರೊಪೊಲಿಸ್ ಹತ್ತಿದ. ಅವನ ತಗಡುಗಳು ಕಳೆದುಹೋದವು. ಅವನ್ನು ನೋಡಿ ಕೆತ್ತಿದ ಮುದ್ರಣಚಿತ್ರದಲ್ಲಿ ಪಾರ್ಥೆನಾನ್ ಗುಡಿಯ ಕಂಬಗಳ ನಡುವೆ ಆಗ ಇನ್ನೂ ಇದ್ದ ಪುಟ್ಟ ಮಸೀದಿ ಕಾಣುತ್ತದೆ. 1842ರಲ್ಲಿ ಬಂದ ಝಿರೋ ಡಿ ಪ್ರಾಂಜೆ ಎಂಬಾತ ಇಟಲಿ, ಗ್ರೀಸ್, ಈಜಿಪ್ಟ್, ಸಿರಿಯಾಗಳನ್ನು ಸುತ್ತಿ ಎಂಟುನೂರಕ್ಕೂ ಮಿಕ್ಕ ತಗಡುಗಳನ್ನು ಮಾಡಿಕೊಂಡು ಹೋದ. ಅವು 1920ರ ದಶಕದಲ್ಲಿ ಅವನ ಮನೆಯ ಉಗ್ರಾಣದಲ್ಲಿ ಸಿಕ್ಕವು.

ಅಕ್ರೊಪೊಲಿಸ್ಸಿನ ಚಿತ್ರಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿರೆಂದರೆ ನಾನು 1865ರ ಸುಮಾರಿನ, ತೆಗೆದವರ ಹೆಸರಿಲ್ಲದ ಒಂದು ಚಿತ್ರವನ್ನು ಆರಿಸುತ್ತೇನೆ. ಈಗ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಆಗಷ್ಟೇ ಅಗೆದು ತೆಗೆದ ಎರಡು ಮೂರ್ತಿಗಳು. ಒಂದು, ಹೆಗಲ ಮೇಲೆ ಕರು ಹೊತ್ತು, ಅದರ ಕಾಲುಗಳನ್ನು ಎದೆಯ ಮೇಲೆ ಹಿಡಿದುಕೊಂಡ ಗಡ್ಡದವನು. ಇನ್ನೊಂದು, ಒಂದು ಕಾಲಿನ ಮೇಲೆ ಭಾರ ಬಿಟ್ಟು ಸಲೀಸಾಗಿ ನಿಂತ ಹುಡುಗ, ತಲೆಯಿಲ್ಲ. ಇಬ್ಬರ ನಡುವೆ ಸುಮಾರು 80 ವರ್ಷಗಳ ಅಂತರ. ಅಷ್ಟು ವರ್ಷಗಳಲ್ಲಿ ಗ್ರೀಕ್ ಶಿಲ್ಪಿ ನೆಟ್ಟಗೆ ನಿಂತ ದೇಹಕ್ಕೆ ಉಸಿರು ತುಂಬುವುದನ್ನು ಕಲಿತ. ಆ ಕಲಿಕೆಯ ಎರಡು ತುದಿಗಳು ಅಕಸ್ಮಾತ್ತಾಗಿ ಒಂದೇ ಚೌಕಟ್ಟಿನಲ್ಲಿ ನಿಂತಿವೆ. ಹುಡುಗನ ತಲೆ ಸಿಕ್ಕಿದ್ದು 1888ರಲ್ಲಿ. ಇಂದು ಮ್ಯೂಸಿಯಮ್ಮಿನಲ್ಲಿ ತಲೆ ಸಹಿತ ನಿಂತ ಅವನನ್ನು ನೋಡುವವರು ಮೊದಲು ಮುಖವನ್ನೇ ನೋಡುತ್ತಾರೆ. ಈ ಹಳೆಯ ಚಿತ್ರ ಮುಖವಿಲ್ಲದ ಆ ದೇಹದ ಕಡೆಗೆ, ಚೂರೇ ಓರೆಯಾದ ಸೊಂಟದ ಕಡೆಗೆ ಕಣ್ಣನ್ನು ಕಳಿಸುತ್ತದೆ. ಶಿಲ್ಪಿಯ ಸಾಧನೆ ಇರುವುದು ಅಲ್ಲಿಯೇ.

ನಾಲ್ಕು ವರ್ಷಗಳ ಮೇಲೆ ಅದೇ ಗುಡ್ಡಕ್ಕೆ ಬಂದವನು ವಿಲಿಯಂ ಜೇಮ್ಸ್ ಸ್ಟಿಲ್‌ಮನ್ ಎಂಬ ಅಮೆರಿಕದವನು. ಚಿತ್ರಕಲೆ ಕಲಿತು, ಪತ್ರಿಕೆಗಳಿಗೆ ಬರೆದು, ಕ್ರೀಟ್ ದ್ವೀಪದಲ್ಲಿ ತನ್ನ ದೇಶದ ಪ್ರತಿನಿಧಿಯಾಗಿದ್ದು, ಅಲ್ಲಿನ ದಂಗೆಯ ಕಷ್ಟಗಳನ್ನೆಲ್ಲ ಕಂಡುಬಂದವನು. 1869ರಲ್ಲಿ ಅಥೆನ್ಸಿನಲ್ಲಿ ಅವನ ಹೆಂಡತಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಆ ವರ್ಷವೇ ಅವನು ಅಕ್ರೊಪೊಲಿಸ್ಸನ್ನು ಚಿತ್ರಿಸಿದ. 1870ರಲ್ಲಿ ಲಂಡನ್ನಿನಲ್ಲಿ ಅವು ಆಲ್ಬಂ ಆಗಿ ಬಂದವು. ಮಸುಕಾಗದ ಕಾರ್ಬನ್ ಮುದ್ರಣವಾದ್ದರಿಂದ ಇಂದಿಗೂ ಕಪ್ಪು ಕಪ್ಪಾಗಿಯೇ ಇದೆ. ಅದರಲ್ಲಿ ವಿಜಯದೇವತೆಯ ಪುಟ್ಟ ಗುಡಿಯ ಕಟಕಟೆಯ ಉಬ್ಬುಶಿಲ್ಪವಿದೆ: ಒಂದು ಕಾಲೆತ್ತಿ, ಬಾಗಿ, ಕೆರದ ಪಟ್ಟಿಗೆ ಕೈಹಾಕಿದ ದೇವತೆ. ಅವಳಿಗೂ ತಲೆಯಿಲ್ಲ. ಪಕ್ಕದಿಂದ ಬಿದ್ದ ಬೆಳಕಿಗೆ ಸೀರೆಯ ನಿರಿಗೆಯಂಥ ಅವಳ ಮಡಿಕೆಗಳೆಲ್ಲ ಎದ್ದುನಿಂತು, ಒದ್ದೆ ಬಟ್ಟೆ ಮೈಗಂಟಿದಂತೆ ಕಾಣುತ್ತದೆ. ದುಃಖದಲ್ಲಿದ್ದ ಮನುಷ್ಯನೊಬ್ಬ ತನ್ನ ದುಃಖದ ಬಗ್ಗೆ ಒಂದು ಮಾತೂ ಹೇಳದೆ, ಬಾಗಿದ ಆ ಬೆನ್ನಿನ ಗೆರೆಯನ್ನು ಇಷ್ಟು ಎಚ್ಚರದಿಂದ ಹಿಡಿದನಲ್ಲ ಎಂದು ನನಗೆ ಅವನ ಮೇಲೆ ಗೌರವ ಉಕ್ಕುತ್ತದೆ.

ಹೀಗೆ ಒಬ್ಬೊಬ್ಬರು ಒಂದೊಂದು ಕಡೆಯಿಂದ ನೋಡಿದರೆ, ಸರಿಯಾದ ಕಡೆ ಯಾವುದು? ಈ ಪ್ರಶ್ನೆಯನ್ನು ಖಡಾಖಂಡಿತವಾಗಿ ಎತ್ತಿದವನು ಸ್ವಿಟ್ಜರ್ಲೆಂಡಿನ ಕಲಾ ಇತಿಹಾಸಕಾರ ಹೈನ್‌ರಿಶ್ ವೂಲ್ಫ್ಲಿನ್. 1896ರಿಂದ ಅವನು ಬರೆದ ಲೇಖನಗಳ ವಿಷಯವೇ ಶಿಲ್ಪಗಳ ಫೋಟೋ ಹೇಗೆ ತೆಗೆಯಬೇಕೆಂಬುದು. ಹಳೆಯ ಶಿಲ್ಪಿಗಳು ಒಂದು ಮುಖ್ಯ ನೋಟಕ್ಕಾಗಿ ಕೆತ್ತುತ್ತಿದ್ದರು, ಆ ನೋಟದಲ್ಲಿ ಮೂರ್ತಿಯ ಹೊರಗೆರೆ ಸ್ಪಷ್ಟವಾಗಿ ಮಾತಾಡುತ್ತದೆ, ಛಾಯಾಗ್ರಾಹಕರು ಬೇರೆಯಾಗಿ ಕಾಣಲೆಂದು ಪಕ್ಕಕ್ಕೆ ಸರಿದು ಅದನ್ನು ಕೆಡಿಸುತ್ತಾರೆ ಎಂಬುದು ಅವನ ವಾದ. ವ್ಯಾಟಿಕನ್ನಿನ ಅಪೊಲೊ ಮೂರ್ತಿಯನ್ನೂ ಅವನು ಉದಾಹರಣೆಗೆ ತರುತ್ತಾನೆ. ಮಾರುಕಟ್ಟೆಯ ಫೋಟೋಗಳಿಂದಲೇ ಶಿಲ್ಪಗಳನ್ನು ಅರಿಯುವ ವಿದ್ಯಾರ್ಥಿಗಳ ಪೀಳಿಗೆ ಎದ್ದಿದ್ದ ಹೊತ್ತಿನಲ್ಲಿ ಅದು ಬೇಕಾದ ಎಚ್ಚರಿಕೆಯೇ.

ವೂಲ್ಫ್ಲಿನ್ನನ ಶಿಸ್ತಿಗೆ ನಾನು ತಲೆಬಾಗುತ್ತೇನೆ. ಆದರೆ ನನ್ನ ಮನಸ್ಸು ಟಾಲ್ಬಟ್‌ನ ಕಡೆಗೆ. ಪುರಾತನರ ಸಾಕ್ಷಿಯೂ ನನ್ನ ಬೆಂಬಲಕ್ಕಿದೆ. ಕ್ನಿಡೊಸ್ ನಗರದಲ್ಲಿ ಪ್ರಾಕ್ಸಿಟೆಲೀಸ್ ಕೆತ್ತಿದ ಅಫ್ರೊಡೈಟಿಯ ಗುಡಿಯನ್ನು, ದೇವಿಯನ್ನು ಸುತ್ತಲಿಂದಲೂ ನೋಡಲು ಬರುವಂತೆ ತೆರೆದಿಟ್ಟಿದ್ದರೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಉಳಿ ಹಿಡಿದವನೂ ಕಲ್ಲಿನ ಸುತ್ತ ತಿರುಗುತ್ತಲೇ ಕೆಲಸ ಮಾಡಬೇಕು. ಮುಖ್ಯ ನೋಟವೊಂದಿದೆ ಎಂಬುದು ನಿಜವಾದರೂ, ಮಿಕ್ಕ ನೋಟಗಳ ನೆರವಿಲ್ಲದೆ ಅದರ ಮುಖ್ಯತೆ ನಮಗೆ ತಿಳಿಯುವುದು ಹೇಗೆ?

ಈ ಪ್ರಶ್ನೆ ನಮ್ಮ ನಾಡಿಗೆ ದೂರದ್ದೇನಲ್ಲ. ಟಾಲ್ಬಟ್‌ನ ಕಾಗದದ ನೆಗೆಟಿವ್ ಹಿಡಿದುಕೊಂಡೇ ಲಿನ್ನೇಯಸ್ ಟ್ರೈಪ್ ಎಂಬ ಛಾಯಾಗ್ರಾಹಕ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳಿಗೆ ಬಂದ. ಅವನ ಹಿಂದೆಯೇ ಮದ್ರಾಸ್ ಸೈನ್ಯದ ವೈದ್ಯ ನೀಲ್ ಬಂದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಚಿತ್ರಿಸಿದ. ನೀಲ್, ಪಿಗೌ, ಬಿಗ್ಸ್ ತೆಗೆದ ಧಾರವಾಡ–ಮೈಸೂರು ಸೀಮೆಯ ಗುಡಿಗಳ ಚಿತ್ರಗಳು 1866ರಲ್ಲಿ ಪುಸ್ತಕವಾಗಿ ಬಂದಾಗ ಅದಕ್ಕೆ ವಾಸ್ತುವಿನ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಹತ್ತು ವರ್ಷಗಳ ಮೇಲೆ ತನ್ನ ದೊಡ್ಡ ಗ್ರಂಥದಲ್ಲಿ ಅದೇ ಫರ್ಗುಸನ್ ಪಾರ್ಥೆನಾನನ್ನೂ ಹಳೇಬೀಡಿನ ಗುಡಿಯನ್ನೂ ಎದುರುಬದುರು ನಿಲ್ಲಿಸಿ, ಮನುಷ್ಯನ ಕಟ್ಟುವ ಕಲೆಯ ಎರಡು ತುದಿಗಳೆಂದು ಕರೆದ: ಅಲ್ಲಿ ಬುದ್ಧಿಯ ತೂಕ, ಇಲ್ಲಿ ಭಾವದ ಉಕ್ಕು. ಅಕ್ರೊಪೊಲಿಸ್ಸನ್ನೂ ಹಳೇಬೀಡನ್ನೂ ಹೀಗೆ ಅಕ್ಕಪಕ್ಕ ತರುವ ಧೈರ್ಯಕ್ಕೆ, ಮೇಜಿನ ಮೇಲೆ ಅಕ್ಕಪಕ್ಕ ಹರಡಬಹುದಾದ ಫೋಟೋಗಳ ಕಾಲ ಬಂದದ್ದೂ ಒಂದು ಬಲವೆಂದು ನನಗನಿಸುತ್ತದೆ.

ಹಳೇಬೀಡಿನ ಬಳಪದ ಕಲ್ಲು ಅಮೃತಶಿಲೆಗೆ ತದ್ವಿರುದ್ಧ. ಅದು ಬೆಳಕನ್ನು ಎಸೆಯುವುದಿಲ್ಲ, ಒಳಗಿಟ್ಟುಕೊಳ್ಳುತ್ತದೆ. ನಡುಹಗಲಿನಲ್ಲಿ ಹೋದವರಿಗೆ ಪಡುವಣ ಗೋಡೆಯ ದೇವತೆಗಳು ಬೂದು ಮುಸುಕಿನೊಳಗೆ ಒತ್ತೊತ್ತಾಗಿ ನಿಂತಂತೆ ಕಾಣುತ್ತಾರೆ. ಬಿಸಿಲು ಓರೆಯಾಗುತ್ತಿದ್ದಂತೆ ಒಡವೆಯ ಒಂದೊಂದು ಮಣಿಗೂ ಒಂದೊಂದು ನೆರಳು ಹುಟ್ಟಿ, ಗೋಡೆಯೇ ಮೈಮುರಿದು ಏಳುತ್ತದೆ. ಬೇಲೂರಿನ ಮದನಿಕೆಯರು ಸೂರಿನಡಿ ಮುಂದಕ್ಕೆ ಬಾಗಿರುವುದು ಕೆಳಗೆ ನಿಂತವರ ಕಣ್ಣಿಗಾಗಿ. ಅಟ್ಟಣಿಗೆ ಕಟ್ಟಿ ಸಮಮಟ್ಟದಲ್ಲಿ ತೆಗೆದ ಚಿತ್ರದಲ್ಲಿ ಅದೇ ಹೆಣ್ಣಿನ ನಗೆ ಬೇರೆಯಾಗುತ್ತದೆ. ಎರಡೂ ನಿಜ. ಎರಡನ್ನೂ ಕಂಡವರಿಗೆ ಅವಳು ಹೆಚ್ಚು ದಕ್ಕುತ್ತಾಳೆ.

ಆದ್ದರಿಂದ ನನ್ನದೊಂದು ಆಸೆ. ಮ್ಯೂಸಿಯಂಗಳು, ಹಳೆಯ ಗುಡಿಗಳ ಕಾವಲಿರುವ ಇಲಾಖೆಗಳು, ಪ್ರತಿ ದೊಡ್ಡ ಶಿಲ್ಪದ ಪಕ್ಕದಲ್ಲಿ ಅದರ ಹಳೆಯ ಫೋಟೋಗಳನ್ನೂ ಇಡಬೇಕು: ಮುರಿದಿದ್ದಾಗಿನದು, ತಪ್ಪಾಗಿ ಕೂಡಿಸಿದ್ದಾಗಿನದು, ಮಣ್ಣಿನಿಂದ ಎದ್ದ ದಿನದ್ದು, ಬೇರೆ ಬೇರೆ ಹೊತ್ತಿನದು. ಬಂದವರು ಮೊಬೈಲ್ ಎತ್ತಿ ಒಂದು ಕ್ಷಣದಲ್ಲಿ ಒಂದು ಚಿತ್ರ ತೆಗೆದು ಮುಂದೆ ನಡೆಯುವ ಈ ಕಾಲದಲ್ಲಿ, ಇದೇ ಮುಖದ ಎದುರು ಒಬ್ಬ ಮನುಷ್ಯ ಹಗಲಿಡೀ ಕಾದಿದ್ದನೆಂದು ತಿಳಿದರೆ, ಹತ್ತು ಜನರಲ್ಲಿ ಒಬ್ಬರಾದರೂ ಮೊಬೈಲ್ ಕೆಳಗಿಳಿಸಿ ಆ ಮೂರ್ತಿಗೆ ಒಂದು ಸುತ್ತು ಬಂದಾರು. ಅಷ್ಟಾದರೂ ಸಾಕು, ಶಿಲ್ಪಕ್ಕೆ ನಾವು ಕೊಡಬಹುದಾದ ಅತಿ ದೊಡ್ಡ ಕಾಣಿಕೆ ನಮ್ಮ ಸಮಯವೇ.